ತಾತನ ಕ್ಷೌರದ ಕತ್ತಿಯಲ್ಲಿ ಮತ್ತೆ ಗಡ್ಡ ಹೆರೆಯಬಹುದಾ?

ಪ್ರಶ್ನೆ: ನಾನು ಮಂಡ್ಯದವನು. ಹಳೇ ಮನೆ ಕೆಡವುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ತಾತನ ಕ್ಷೌರದ ಕತ್ತಿ ಸಿಕ್ಕಿತು. ಮಡಚುವ ಕತ್ತಿ, ಕಪ್ಪು ಹಿಡಿ, ಮೈಯೆಲ್ಲ ತುಕ್ಕು. ಮೇಲೆ ‘ಶೆಫೀಲ್ಡ್’ ಅಂತ ಮಾತ್ರ ಓದಲು ಆಗುತ್ತದೆ, ಕಂಪನಿ ಹೆಸರು ಅಳಿಸಿದೆ. ಹುಣಸೆಹಣ್ಣಿನಲ್ಲಿ ನೆನೆಸಿ ಉಜ್ಜಿ, ಸಾಣೆ ಹಿಡಿಯುವವರಿಗೆ ಕೊಟ್ಟರೆ ಆಯ್ತು ಅಂತ ಮನೆಯಲ್ಲಿ ಹೇಳುತ್ತಾರೆ. ಇದರಲ್ಲಿ ನಿಜವಾಗಿ ಗಡ್ಡ ಹೆರೆಯಬಹುದಾ? ಮೈಸೂರಿನ ಗುಜರಿ ಅಂಗಡಿಯೊಂದರಲ್ಲಿ ಇಂಥದೇ ಇನ್ನೊಂದು ನೋಡಿದೆ. ದಂತದ ಹಿಡಿ ಅಂತ ಜಾಸ್ತಿ ಬೆಲೆ ಹೇಳುತ್ತಿದ್ದಾರೆ. ತಗೊಳ್ಳಲಾ?

ಉತ್ತರ: ಸದ್ಯಕ್ಕೆ ಮೂರು ಕೆಲಸ ಮಾಡಬೇಡಿ. ಕತ್ತಿಯನ್ನು ಹುಣಸೆಹುಳಿಯಲ್ಲಿ ನೆನೆಸಬೇಡಿ. ಸಾಣೆ ಚಕ್ರಕ್ಕೆ ಕೊಡಬೇಡಿ. ಗುಜರಿಯ ಆ ದಂತದ ಹಿಡಿಯ ಕತ್ತಿಗೆ ಮುಂಗಡ ಕೊಡಬೇಡಿ. ಉಳಿದ ಯಾವುದಕ್ಕೂ ಅವಸರವಿಲ್ಲ.

ಹುಣಸೆಹಣ್ಣು ಹಿತ್ತಾಳೆ ಬಿಂದಿಗೆಗೆ, ತಾಮ್ರದ ಚೆಂಬಿಗೆ ಒಳ್ಳೆಯದು. ನಿಮ್ಮ ತಾತನ ಕತ್ತಿ ಕಾರ್ಬನ್ ಉಕ್ಕಿನದು. ಹುಳಿ ತುಕ್ಕನ್ನು ತಿನ್ನುತ್ತದೆ, ತುಕ್ಕು ಮುಗಿದ ಮೇಲೆ ಉಕ್ಕನ್ನೂ ಬಿಡುವುದಿಲ್ಲ. ಕತ್ತಿಯ ಬೆನ್ನು ನಾಲ್ಕೈದು ಮಿಲಿಮೀಟರ್ ದಪ್ಪ, ಅಲ್ಲಿ ಸ್ವಲ್ಪ ಹೋದರೂ ಗೊತ್ತಾಗುವುದಿಲ್ಲ. ಬಾಯಿಯ ಹತ್ತಿರ ಹಾಗಲ್ಲ. ಅಲ್ಲಿ ಉಕ್ಕು ತೀರಾ ತೆಳ್ಳಗಿರುತ್ತದೆ. ಒಂದು ರಾತ್ರಿ ನೆನೆಸಿದರೆ ಸಾಕು, ಬಾಯಿಯ ಉದ್ದಕ್ಕೂ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಅಳಿದುಳಿದ ಅಕ್ಷರವೂ ಹೋಗುತ್ತದೆ. ನಿಂಬೆಹಣ್ಣು, ವಿನಿಗರ್ ಕತೆಯೂ ಇದೇ.

ಸಾಣೆಯವರ ಬಗ್ಗೆ ನನಗೆ ಗೌರವವಿದೆ. ಮಚ್ಚು, ಈಳಿಗೆ, ಕತ್ತರಿಗೆ ಅವರ ಕೈ ಬೇಕೇ ಬೇಕು. ಆದರೆ ಕ್ಷೌರದ ಕತ್ತಿಗೆ ಚಕ್ರ ಆಗದು. ಈ ಉಕ್ಕನ್ನು ಕೆಂಪಗೆ ಕಾಯಿಸಿ, ಅದ್ದಿ, ಗಟ್ಟಿ ಮಾಡಿ, ಆಮೇಲೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಹದದಲ್ಲಿ ಮತ್ತೆ ಕಾಯಿಸಿರುತ್ತಾರೆ. ಬಾಯಿ ಹರಿತವಾಗಿ ನಿಲ್ಲುವುದು ಆ ಹದದಿಂದ. ಚಕ್ರಕ್ಕೆ ಹಿಡಿದಾಗ ಕಿಡಿ ಹಾರುತ್ತದಲ್ಲ, ಆ ಬಿಸಿಗೆ ತೆಳ್ಳನೆಯ ಬಾಯಿ ಕ್ಷಣದಲ್ಲಿ ಆ ಹದ ದಾಟಿಬಿಡುತ್ತದೆ. 300 ಡಿಗ್ರಿ ಹತ್ತಿರ ಹೋದರೆ ನೀಲಿ ಬಣ್ಣ ಬರುತ್ತದೆ. ನೀಲಿ ಬಂದ ಬಾಯಿ ಮೆತ್ತಗಾಗಿದೆ ಅಂತಲೇ ಅರ್ಥ. ಎಷ್ಟು ಮಸೆದರೂ ಮತ್ತೆ ಮೊಂಡಾಗುತ್ತದೆ. ಬಫಿಂಗ್ ಮೆಷಿನ್ನಿಗೂ ಇದೇ ಮಾತು. ಬೆಳ್ಳಿ ಹಾಗೆ ಹೊಳೆಯುತ್ತದೆ, ಆದರೆ ಕೂದಲು ಕತ್ತರಿಸುವುದಿಲ್ಲ.

ಈಗ ಕತ್ತಿಗೆ ಬರೋಣ. ಹೆಸರು ಅಳಿಸಿದೆ ಅಂತ ಬೇಜಾರು ಬೇಡ. ಹೊಸದಾಗಿ ಹಳೇ ಕತ್ತಿ ಹುಡುಕುವವರು ಮೊದಲು ನೋಡುವುದೇ ಹೆಸರು. ನಾನು ನೋಡುವುದು ಬಾಯಿಯ ಕೊನೆಯ ಮೂರು ಮಿಲಿಮೀಟರ್. ಇದಕ್ಕೆ ಕಾರಣ ಈ ಕತ್ತಿಗಳನ್ನು ಮಾಡುತ್ತಿದ್ದ ಊರುಗಳ ಕೆಲಸದ ರೀತಿಯಲ್ಲೇ ಇದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ದೊಡ್ಡ ಕಂಪನಿಗಳ ಜೊತೆಗೆ ‘ಲಿಟ್ಲ್ ಮೆಸ್ಟರ್’ ಅಂತ ಕರೆಸಿಕೊಂಡ ಸಣ್ಣ ಕಸುಬುದಾರರು ಇದ್ದರು. ಒಂದು ಕೋಣೆ ಬಾಡಿಗೆಗೆ ಹಿಡಿದು, ಕೆಲವರು ಬಡಿಯುತ್ತಿದ್ದರು, ಕೆಲವರು ಮಸೆಯುತ್ತಿದ್ದರು, ಕೆಲವರು ಹಿಡಿ ಹಾಕುತ್ತಿದ್ದರು. ಯಾರು ಕೆಲಸ ಕೊಟ್ಟರೂ ಮಾಡುತ್ತಿದ್ದರು. ಜರ್ಮನಿಯ ಜೋಲಿಂಗನ್‌ನಲ್ಲೂ ಮನೆಯಲ್ಲೇ ಕೂತು ಮಸೆಯುವ ಕುಶಲಿಗರು ತುಂಬಾ ಇದ್ದರು. ಹಾಗಾಗಿ ದೊಡ್ಡ ಹೆಸರಿನ ಕತ್ತಿಯನ್ನೂ ಯಾರೂ ಕೇಳದ ಹೆಸರಿನ ಕತ್ತಿಯನ್ನೂ ಒಂದೇ ಕೈ ಮಸೆದಿರುವ ಸಾಧ್ಯತೆ ಇದೆ. ಅದರ ಮೇಲೆ, ಕೊಂಡು ಮಾರುವ ಅಂಗಡಿಯವರು ತಮ್ಮ ಹೆಸರನ್ನೇ ಹೊಡೆಸಿ ತರಿಸುವ ಪದ್ಧತಿಯೂ ಇತ್ತು. ಗೊತ್ತಿಲ್ಲದ ಹೆಸರು ಅಂದರೆ ಕಳಪೆ ಉಕ್ಕು ಅಂತ ಅಲ್ಲವೇ ಅಲ್ಲ.

ಕತ್ತಿಯನ್ನು ಹಗಲು ಬೆಳಕಿಗೆ ತನ್ನಿ. ಬಾಯಿಗೆ ಬೆರಳು ಹಚ್ಚದೆ, ಹಿಡಿಯನ್ನು ನಿಧಾನವಾಗಿ ಬಿಡಿಸಿ. ರಿವೆಟ್ಟು ಬಿಗಿಯಾಗಿದ್ದರೆ ಹೊಲಿಗೆ ಮೆಷಿನ್ ಎಣ್ಣೆ ಎರಡು ಹನಿ ಬಿಟ್ಟು ಒಂದು ದಿನ ಬಿಡಿ. ಬಲವಂತ ಮಾಡಿದರೆ ಹಿಡಿ ಸೀಳುತ್ತದೆ.

ತುಕ್ಕು ಎಲ್ಲಿದೆ ಅಂತ ನೋಡಿ. ಬೆನ್ನಿನ ಮೇಲೆ, ಹೆಸರಿನ ಮುದ್ರೆ ಇರುವ ಕತ್ತಿನ ಮೇಲೆ, ರಿವೆಟ್ಟಿನಾಚೆ ಚಾಚಿದ ಬಾಲದ ಮೇಲೆ ಎಷ್ಟಿದ್ದರೂ ಚಿಂತೆಯಿಲ್ಲ. ಬಾಯಿಯ ಪಕ್ಕದಲ್ಲೇ ಕರ್ರಗೆ ಆಳವಾದ ಗುಳಿಗಳು ಸಾಲಾಗಿ ಇದ್ದರೆ ಕಷ್ಟ. ಮಸೆಯುತ್ತಾ ಹೋದಂತೆ ಆ ಗುಳಿಗಳು ಬಾಯಿಗೆ ಬಂದು, ಒಂದೊಂದೂ ಒಂದೊಂದು ಮುಕ್ಕಾಗುತ್ತದೆ.

ಆಮೇಲೆ ಬಿರುಕು. ಉಗುರಿನಿಂದ ಅಲಗನ್ನು ಮೆಲ್ಲಗೆ ಚಿಮ್ಮಿ. ಒಳಗೆ ತೋಡಿದ ಹಾಗೆ ಮಸೆದಿರುವ ತೆಳು ಅಲಗಾದರೆ ಟಿಣ್ ಅಂತ ಸ್ವಚ್ಛ ಸದ್ದು ಬರಬೇಕು. ಸದ್ದು ಒಡೆದಂತೆ ಕೇಳಿದರೆ ಭೂತಗನ್ನಡಿ ಹಿಡಿದು ಬಾಯಿಯ ಉದ್ದಕ್ಕೂ ಹುಡುಕಿ. ಕೂದಲೆಳೆಯಷ್ಟು ಬಿರುಕಿದ್ದರೂ ಆ ಕತ್ತಿ ಮುಖಕ್ಕೆ ಬೇಡ. ನಾನು ಈ ವಿಷಯದಲ್ಲಿ ಯಾವ ರಾಜಿಯನ್ನೂ ಮಾಡಿಕೊಳ್ಳುವುದಿಲ್ಲ. ತಾತನ ನೆನಪಿಗೆ ಗಾಜಿನ ಪೆಟ್ಟಿಗೆಯಲ್ಲಿ ಇಡಿ, ಅಷ್ಟೇ. ಹಳೇ ಕಾಲದ ದಪ್ಪ ಅಲಗು ಬೆನ್ನಿನಿಂದ ಬಾಯಿಯವರೆಗೆ ಬೆಣೆಯ ಆಕಾರದಲ್ಲಿರುತ್ತದೆ. ಅದಕ್ಕೆ ಈ ಸದ್ದು ಬರುವುದಿಲ್ಲ, ಹಾಗಂತ ಹೆದರಬೇಡಿ.

ಮೂರನೆಯದು ಆಕಾರ. ಒಂದು ಗಾಜಿನ ಮೇಲೆ ಕತ್ತಿಯನ್ನು ಮಲಗಿಸಿ. ಬೆನ್ನು, ಬಾಯಿ ಎರಡೂ ಗಾಜಿಗೆ ತಾಗಬೇಕು. ಅಲುಗಾಡಿದರೆ ಸೊಟ್ಟಗಿದೆ. ಸ್ವಲ್ಪ ಸೊಟ್ಟ ಇದ್ದರೆ ಮಸೆಯುವಾಗ ಸಂಭಾಳಿಸಬಹುದು. ಬಾಯಿಯ ಗೆರೆ ಮಧ್ಯದಲ್ಲಿ ಹೊರಗೆ ಉಬ್ಬಿದ್ದರೆ ತೊಂದರೆಯಿಲ್ಲ, ಎಷ್ಟೋ ಹಳೇ ಕತ್ತಿಗಳು ಹುಟ್ಟಿದ್ದೇ ಹಾಗೆ. ಮಧ್ಯದಲ್ಲಿ ಒಳಗೆ ತಗ್ಗಾಗಿದ್ದರೆ ಯಾರೋ ತಪ್ಪಾಗಿ ಮಸೆದಿದ್ದಾರೆ ಅಂತ ಅರ್ಥ, ಸರಿಮಾಡಲು ತುಂಬಾ ಉಕ್ಕು ಕಳೆಯಬೇಕಾಗುತ್ತದೆ.

ಬೆನ್ನಿನ ಬಗ್ಗೆ ಇನ್ನೊಂದು ಮಾತು, ಏಕೆಂದರೆ ಈ ಕತ್ತಿಯ ಜಾಣತನ ಇರುವುದೇ ಅಲ್ಲಿ. ಅಡುಗೆಮನೆ ಚಾಕು ಮಸೆಯುವಾಗ ಕೋನವನ್ನು ನಾವು ಕೈಯಲ್ಲಿ ಅಂದಾಜು ಮಾಡುತ್ತೇವೆ. ಕ್ಷೌರದ ಕತ್ತಿಯಲ್ಲಿ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿನ ಮೇಲೆ ಕೂರುತ್ತವೆ, ಕೋನ ತಾನಾಗಿ ಬರುತ್ತದೆ. ಅಲಗಿನ ಅಗಲವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುವ ರೂಢಿ. 5/8 ಅಂದರೆ ಸುಮಾರು 16 ಮಿಲಿಮೀಟರ್. ಅಂಥ ಅಲಗಿಗೆ ಬೆನ್ನು 4ರಿಂದ 4.5 ಮಿಲಿಮೀಟರ್ ಇದ್ದರೆ ಬಾಯಿಯ ಕೋನ 14ರಿಂದ 16 ಡಿಗ್ರಿ. ಚರ್ಮಕ್ಕೂ ಹಿತ, ಬಾಯಿಯೂ ನಿಲ್ಲುತ್ತದೆ. ಬೆನ್ನಿನ ಎರಡೂ ಬದಿಯಲ್ಲಿ ಅಗಲವಾದ ಚಪ್ಪಟೆ ಪಟ್ಟೆ ಕಂಡರೆ ಆ ಕತ್ತಿ ವರ್ಷಗಟ್ಟಲೆ ಕಲ್ಲು ತಿಂದಿದೆ. ಒಂದು ಬದಿ ಮಾತ್ರ ಜಾಸ್ತಿ ಸವೆದಿದ್ದರೆ ಆ ಕತ್ತಿ ಕೊಳ್ಳಬೇಡಿ. ಮನೆಯದೇ ಆದರೆ ಮಾತು ಬೇರೆ.

ಇನ್ನು ಕಾಲ. ಮುದ್ರೆಯಲ್ಲಿ ‘ಶೆಫೀಲ್ಡ್’ ಮಾತ್ರ ಇದೆಯಾ, ಪಕ್ಕದಲ್ಲಿ ‘ಇಂಗ್ಲೆಂಡ್’ ಅಂತಲೂ ಇದೆಯಾ ನೋಡಿ. ಅಮೆರಿಕ 1890ರಲ್ಲಿ ಮೆಕಿನ್ಲಿ ಸುಂಕ ಕಾಯ್ದೆ ತಂದು, ಹೊರಗಿನಿಂದ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂದಿತು. ಅಲ್ಲಿಂದ ಮುಂದೆ ಶೆಫೀಲ್ಡಿನವರು ‘ಇಂಗ್ಲೆಂಡ್’ ಸೇರಿಸುವುದು ರೂಢಿಯಾಯಿತು. ‘ಕಾಸ್ಟ್ ಸ್ಟೀಲ್’ ಅಂತ ಇದ್ದರೆ ಎರಕ ಹೊಯ್ದ ಕತ್ತಿ ಅಂದುಕೊಳ್ಳಬೇಡಿ. ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಶೆಫೀಲ್ಡಿನಲ್ಲಿ ರೂಢಿಗೆ ತಂದ ಮೂಸೆ ಉಕ್ಕಿನ, ಅಂದರೆ ಮಣ್ಣಿನ ಕುಡಿಕೆಯಲ್ಲಿ ಕರಗಿಸಿ ಮಾಡಿದ ಉಕ್ಕಿನ ಗುರುತು ಅದು. ‘ಸ್ಟೇನ್‌ಲೆಸ್’ ಅಂತ ಇದ್ದರೆ 1913ರ ನಂತರದ್ದು, ಹ್ಯಾರಿ ಬ್ರಿಯರ್ಲಿ ಆ ಉಕ್ಕನ್ನು ಮಾಡಿದ್ದು ಆ ವರ್ಷ. ಜರ್ಮನಿಯ ಕತ್ತಿಯ ಮೇಲೆ ‘ವೆಸ್ಟ್ ಜರ್ಮನಿ’ ಅಂತ ಕಂಡರೆ 1949ಕ್ಕೂ 1990ಕ್ಕೂ ನಡುವಿನದು.

ನಕ್ಷತ್ರವೂ ಮಾಲ್ಟೀಸ್ ಶಿಲುಬೆಯೂ ಒಟ್ಟಿಗೆ ಕಂಡರೆ ಜೋಸೆಫ್ ರಾಜರ್ಸ್ ಕಂಪನಿಯದು. ನಮ್ಮ ದೇಶದಲ್ಲಿ ಆ ಹೆಸರಿಗೆ ಬಹಳ ಬೆಲೆ ಇತ್ತು, ಅದಕ್ಕೇ ಹೋಲುವ ಹೆಸರಿನ ನಕಲುಗಳೂ ಬಂದವು. ‘ಐ’ ಮತ್ತು ‘ಎಕ್ಸ್‌ಎಲ್’ ನಡುವೆ ನಕ್ಷತ್ರವಿದ್ದರೆ ಜಾರ್ಜ್ ವೋಸ್ಟನ್‌ಹೋಮ್. ಜೋಡಿ ಮಕ್ಕಳ ಚಿತ್ರ ಇದ್ದರೆ ಜೋಲಿಂಗನ್‌ನ ಹೆಂಕೆಲ್ಸ್. ಇವು ಎಲ್ಲರಿಗೂ ಗೊತ್ತು, ಹಾಗಾಗಿ ಬೆಲೆಯೂ ಏರಿದೆ. ನನಗೆ ಇಷ್ಟವಾಗುವುದು ಅಷ್ಟು ಸದ್ದು ಮಾಡದ ಹೆಸರುಗಳು. ಜೋಸೆಫ್ ಎಲಿಯಟ್, ಫ್ರೆಡ್ ಫೆನಿಯ ಟ್ಯಾಲಿ ಹೋ, ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ಹೆಲ್ಯೆಸ್ಟ್ರಾಂಡ್. ‘ಬೆಂಗಾಲ್’ ಮುದ್ರೆಯ ಕತ್ತಿ ನೋಡಿ ಕಲ್ಕತ್ತೆಯಲ್ಲಿ ಮಾಡಿದ್ದು ಅಂದುಕೊಳ್ಳುವವರಿದ್ದಾರೆ. ಅದು ಶೆಫೀಲ್ಡಿನ ಟಿ.ಆರ್. ಕ್ಯಾಡ್‌ಮನ್ ಕಂಪನಿಯ ಗುರುತು. ಗಟ್ಟಿ ಉಕ್ಕು, ಒಳ್ಳೆ ಮಸೆತ. ನಿಮ್ಮ ಕತ್ತಿಯ ಅಳಿದ ಹೆಸರು ಇಂಥದ್ದೇ ಒಂದು ಇರಬಹುದು. ಟಾರ್ಚನ್ನು ಪಕ್ಕದಿಂದ ಅಡ್ಡಲಾಗಿ ಹಿಡಿದು ನೋಡಿ, ಮೇಲಿನಿಂದ ಕಾಣದ ಅಕ್ಷರ ಒಮ್ಮೊಮ್ಮೆ ನೆರಳಲ್ಲಿ ಏಳುತ್ತದೆ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ನಿಮ್ಮ ತಾತನ ಶೆಫೀಲ್ಡ್ ಕತ್ತಿ ನಮ್ಮೂರಿಗೆ ಬರುವ ಮೊದಲೇ ನಮ್ಮ ಕಡೆಯ ಉಕ್ಕು ಇಂಗ್ಲೆಂಡಿಗೆ ಹೋಗಿತ್ತು. ದಕ್ಷಿಣ ಭಾರತದ ಮೂಸೆ ಉಕ್ಕಿನ ಉಂಡೆಗಳು 1790ರ ದಶಕದಲ್ಲಿ ಲಂಡನ್ನಿನ ವಿಜ್ಞಾನಿಗಳ ಕೈಗೆ ಸಿಕ್ಕವು. ಮೈಸೂರು ಸೀಮೆಯಲ್ಲಿ ಆ ಉಕ್ಕನ್ನು ಮಾಡುತ್ತಿದ್ದ ರೀತಿಯನ್ನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ 1800-01ರ ತನ್ನ ಪ್ರವಾಸದಲ್ಲಿ ಬರೆದಿಟ್ಟಿದ್ದಾನೆ. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣ, ಕ್ಷೌರದ ಕತ್ತಿ ಮಾಡುತ್ತಿದ್ದ ಜೇಮ್ಸ್ ಸ್ಟೊಡಾರ್ಟ್, ಯೂರೋಪಿನ ಯಾವ ಉಕ್ಕಿಗಿಂತಲೂ ಭಾರತದ ಈ ಉಕ್ಕೇ ಮೇಲು ಅಂತ ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ್ದ. ಆಮೇಲೆ ಅವನೂ ಮೈಕೆಲ್ ಫ್ಯಾರಡೆಯೂ ಸೇರಿ ಅದರ ಗುಟ್ಟು ಹುಡುಕಲು ಹೋಗಿ, ಉಕ್ಕಿಗೆ ಐನೂರರಲ್ಲಿ ಒಂದು ಪಾಲು ಬೆಳ್ಳಿ ಸೇರಿಸಿ ನೋಡಿದರು. ‘ಸಿಲ್ವರ್ ಸ್ಟೀಲ್’ ಅನ್ನುವ ಮುದ್ರೆ ಹಳೇ ಕತ್ತಿಗಳ ಮೇಲೆ ಕಾಣುವುದು ಅಲ್ಲಿಂದ ಮುಂದೆ. ಹೆಚ್ಚಿನವುಗಳಲ್ಲಿ ಬೆಳ್ಳಿ ಇರುವುದು ಮುದ್ರೆಯಲ್ಲಿ ಮಾತ್ರ. ಅಂಗಡಿಯವರು ಅದಕ್ಕೆ ಜಾಸ್ತಿ ಕೇಳಿದರೆ ಕೊಡಬೇಡಿ.

ಹಾಗೆಯೇ ಶ್ರೀರಂಗಪಟ್ಟಣದ ಸುತ್ತ ‘ಟಿಪ್ಪು ಕಾಲದ ಕತ್ತಿ’ ಅಂತ ತೋರಿಸುವವರು ಸಿಕ್ಕರೆ ಬಾಲ ನೋಡಿ. ರಿವೆಟ್ಟಿನಿಂದ ಹೊರಗೆ ಚಾಚಿ, ಬೆರಳು ಇಡಲು ಬಾಗಿರುವ ಉದ್ದ ಬಾಲ 19ನೇ ಶತಮಾನದಲ್ಲಿ ಬಂದದ್ದು. 1799ರ ಹೊತ್ತಿನ ಕತ್ತಿಗೆ ಬಾಲ ಇರುತ್ತಿರಲಿಲ್ಲ, ಇದ್ದರೂ ಮೋಟು. ಒಳಗೆ ತೋಡಿದ ತೆಳು ಅಲಗು ಇನ್ನೂ ಈಚಿನದು.

ಗುಜರಿಯ ದಂತದ ಹಿಡಿಗೆ ಈಗ ಬರುತ್ತೇನೆ. ಅದು ನಿಜವಾಗಿ ಆನೆದಂತ ಆಗಿದ್ದರೆ ಕೊಳ್ಳುವುದೂ ಮಾರುವುದೂ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ, 1991ರಲ್ಲಿ ಬಂದ ತಿದ್ದುಪಡಿಗಳ ಮೇಲೆ ನಮ್ಮ ಆನೆಯ ದಂತವಿರಲಿ, ಆಫ್ರಿಕಾದ ದಂತದ ವ್ಯಾಪಾರವೂ ನಿಂತಿದೆ. ಹಳೇದು, ವಿಲಾಯಿತಿದು ಅನ್ನುವ ಮಾತು ನಡೆಯುವುದಿಲ್ಲ. ಆದರೆ ‘ದಂತ’ ಅಂತ ಮಾರುವ ಹಿಡಿಗಳಲ್ಲಿ ಬಹಳಷ್ಟು ದಂತವೇ ಅಲ್ಲ. ಮೈಮೇಲೆ ಸಣ್ಣ ಕಪ್ಪು ಚುಕ್ಕೆ, ಗೀರು ಕಂಡರೆ ಮೂಳೆ. ಅಳತೆ ಇಟ್ಟು ಎಳೆದ ಹಾಗೆ ಒಂದೇ ಸಮನೆಯ ಗೆರೆಗಳಿದ್ದರೆ ಸೆಲ್ಯುಲಾಯ್ಡ್, ಅಂದರೆ ಹಳೇ ಕಾಲದ ಒಂದು ಬಗೆಯ ಪ್ಲಾಸ್ಟಿಕ್. ತುದಿಯಲ್ಲಿ ಅಡ್ಡ ಕೊಯ್ದ ಕಡೆ ಬಲೆಯಂತೆ ಒಂದರ ಮೇಲೊಂದು ಹಾಯುವ ಗೆರೆ ಕಂಡರೆ ದಂತ. ಅದನ್ನು ಅಲ್ಲೇ ಇಟ್ಟು ಬನ್ನಿ. ಬಿಸಿ ಸೂಜಿ ಚುಚ್ಚಿ ಪರೀಕ್ಷೆ ಮಾಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಸೆಲ್ಯುಲಾಯ್ಡ್ ಭಗ್ಗನೆ ಹತ್ತಿಕೊಳ್ಳುತ್ತದೆ. ಮೂಳೆ ಆಗಿದ್ದು, ಬಾಯಿ ಚೆನ್ನಾಗಿದ್ದರೆ ಧಾರಾಳವಾಗಿ ತಗೊಳ್ಳಿ. ದಂತದ ಬೆಲೆ ಮಾತ್ರ ಕೊಡಬೇಡಿ.

ಬೇರೆ ಎಲ್ಲಿ ಹುಡುಕಬಹುದು ಅಂತ ನೀವು ಕೇಳಿಲ್ಲ, ಆದರೆ ಒಂದು ಕತ್ತಿ ಕೈಗೆ ಬಂದವರು ಅಲ್ಲಿಗೇ ನಿಲ್ಲುವುದು ಕಡಿಮೆ. ಮೈಸೂರಿನಲ್ಲಿ ಮಂಡಿ ಮೊಹಲ್ಲಾ, ಅಶೋಕ ರಸ್ತೆಯ ಕಡೆ ಹಳೇ ಸಾಮಾನಿನ ಅಂಗಡಿಗಳಲ್ಲಿ ಕೇಳಿ. ಬೆಂಗಳೂರಿಗೆ ಹೋದರೆ ಭಾನುವಾರದ ಸಂಡೇ ಬಜಾರ್ ಇದೆ. ಕೊಡಗಿನ ಎಸ್ಟೇಟ್ ಬಂಗಲೆಗಳ ಸಾಮಾನು ಹರಾಜಾದರೆ ಕಿವಿಗೊಡಿ. ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ಹಳೇ ಕಟಿಂಗ್ ಶಾಪುಗಳು. ಸೋಂಕಿನ ಭಯಕ್ಕೆ ಈಗ ಎಲ್ಲರೂ ಅರ್ಧ ಬ್ಲೇಡ್ ಸಿಕ್ಕಿಸುವ ಹಿಡಿಗೆ ಬಂದಿದ್ದಾರೆ. ಅದು ಸರಿಯಾದ ಬದಲಾವಣೆಯೇ. ಆದರೆ ಸವಿತಾ ಸಮಾಜದ ಹಿರಿಯರ ಮನೆಗಳಲ್ಲಿ ತಂದೆ, ತಾತ ಬಳಸಿದ ಹಡಪ (ಕ್ಷೌರದ ಸಾಮಾನಿನ ಚೀಲ) ಇನ್ನೂ ಇರುತ್ತದೆ. ಗೌರವದಿಂದ ಕೇಳಿ. ಕೊಡದಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ಕೂತು ಅವರು ಮಣಿಕಟ್ಟು ತಿರುಗಿಸುವ ರೀತಿ ನೋಡಿ ಕಲಿಯಿರಿ. ಕತ್ತಿ ಕೇಳುವಾಗ ಕಲ್ಲನ್ನೂ ಕೇಳುವುದು ಮರೆಯಬೇಡಿ. ಬೆಲ್ಜಿಯಮ್ಮಿನ ಆರ್ಡೆನ್ಸ್ ಬೆಟ್ಟಗಳ ‘ಕೊಟಿಕ್ಯೂಲ್’ ಅನ್ನುವ ತಿಳಿಹಳದಿ ಕಲ್ಲು, ಜರ್ಮನಿಯ ತುರಿಂಜಿಯಾದ ಬೂದು ಕಲ್ಲು, ಇವೆಲ್ಲ ಆ ಕಾಲದಲ್ಲಿ ಕ್ಷೌರದ ಕತ್ತಿಗೆಂದೇ ಮಾರಾಟವಾಗುತ್ತಿದ್ದವು. ಅಂಥದ್ದು ಸಿಕ್ಕರೆ ಕತ್ತಿಗಿಂತ ಕಲ್ಲೇ ದೊಡ್ಡ ಆಸ್ತಿ.

ಇನ್ನು ಶುಚಿ ಮಾಡುವ ಕೆಲಸ. ಬಾಯಿಯ ಮೇಲೆ ಉದ್ದಕ್ಕೆ ಎರಡು ಪದರ ಟೇಪ್ ಹಚ್ಚಿ. ಗಾಯಗಳಾಗುವುದು ಹೆಚ್ಚಾಗಿ ಮುಖಕ್ಕಲ್ಲ, ಶುಚಿ ಮಾಡುವ ಕೈಗೆ. ಎಣ್ಣೆ ಹಚ್ಚಿ ಒಂದೆರಡು ದಿನ ಬಿಟ್ಟರೆ ಕೆಂಪು ತುಕ್ಕು ಮೆತ್ತಗಾಗುತ್ತದೆ. ಹತ್ತಿಯಲ್ಲಿ ಬ್ರಾಸೋ ಹಾಕಿ ಉಜ್ಜಿ. ಎಷ್ಟೋ ಕತ್ತಿಗಳಿಗೆ ಇಷ್ಟೇ ಸಾಕು. ಹೋಗದಿದ್ದರೆ ಪೇಂಟಿಂಗ್‌ನವರು ಬಳಸುವ ವಾಟರ್ ಪೇಪರ್ ತನ್ನಿ. 800ರಿಂದ ಶುರುಮಾಡಿ 1000, 2000. ಕಾಗದವನ್ನು ರಬ್ಬರಿನ ತುಂಡಿಗೆ ಸುತ್ತಿ, ಎಣ್ಣೆ ಹಾಕಿ, ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಎಳೆಯಿರಿ. ತಿರುಗಿಸಿ ಬಾಯಿಯ ಕಡೆಯಿಂದ ಎಳೆದರೆ ಕಾಗದವೂ ಹರಿಯುತ್ತದೆ, ಬೆರಳೂ ಹರಿಯುತ್ತದೆ.

ಕೆಂಪು ತುಕ್ಕು ಹೋದ ಮೇಲೆ ಉಳಿಯುವ ಬೂದು, ಕಪ್ಪು ಕಲೆಗಳನ್ನು ದಯವಿಟ್ಟು ಬಿಡಿ. ಅದು ರೋಗವಲ್ಲ, ವಯಸ್ಸು. ಆ ಪದರ ಮತ್ತೆ ತುಕ್ಕು ಹಿಡಿಯುವುದನ್ನು ಸ್ವಲ್ಪ ತಡೆಯುತ್ತದೆ ಕೂಡ. ಕನ್ನಡಿಯಂತೆ ಹೊಳೆಸಬೇಕು ಅಂತ ಹೊರಟವರು ಮುದ್ರೆ ಅಳಿಸುತ್ತಾರೆ, ಬೆನ್ನು ಸವೆಸುತ್ತಾರೆ, ಕೋನ ಕೆಡಿಸುತ್ತಾರೆ. ಅಲಗಿನ ಮೇಲೆ ಚಿನ್ನದ ಬಣ್ಣದ ಬರಹವೇನಾದರೂ ಉಳಿದಿದ್ದರೆ ಅಲ್ಲಿ ಬ್ರಾಸೋ ಕೂಡ ಬೇಡ, ಎಣ್ಣೆ ಬಟ್ಟೆ ಸಾಕು.

ಎಲ್ಲ ಆದ ಮೇಲೆ ಸೋಪು ನೀರಲ್ಲಿ ತೊಳೆದು, ಒರೆಸಿ, ಸರ್ಜಿಕಲ್ ಸ್ಪಿರಿಟ್ಟಿನಿಂದ ಅಲಗು, ರಿವೆಟ್ಟಿನ ಸಂದು ಎಲ್ಲ ಒರೆಸಿ. ಕುದಿಯುವ ನೀರಿಗೆ ಹಾಕಬೇಡಿ, ಕೊಂಬಿನ ಹಿಡಿ ಸೊಟ್ಟಗಾಗುತ್ತದೆ. ಒಂದು ಕತ್ತಿ ಒಬ್ಬರಿಗೇ ಇರಲಿ. ಅಣ್ಣ ತಮ್ಮ ಅಂತ ಹಂಚಿಕೊಳ್ಳಬೇಡಿ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ.

ಹಿಡಿ ಕಪ್ಪಗಿದೆ ಅಂದಿರಿ. ಎಮ್ಮೆಯ ಕೊಂಬು ಇರಬಹುದು, ಸೆಲ್ಯುಲಾಯ್ಡ್ ಇರಬಹುದು. ಬೆರಳಿಂದ ಜೋರಾಗಿ ಉಜ್ಜಿ ಮೂಸಿ ನೋಡಿ, ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಹುಳ ತಿಂದ ಗುರುತು, ಪದರ ಏಳುವುದು ಕಂಡರೆ ಕೊಂಬು. ಒಣಗಿದ ಕೊಂಬಿಗೆ ಚರ್ಮದ ಸಾಮಾನಿಗೆ ಹಚ್ಚುವ ನೀಟ್ಸ್‌ಫುಟ್ ಎಣ್ಣೆ ಹಚ್ಚಿ ಕೆಲವು ದಿನ ಇಟ್ಟರೆ ಜೀವ ಬರುತ್ತದೆ. ಗಟ್ಟಿಯಾಗಿದ್ದರೆ ಬಿಚ್ಚಲೇಬೇಡಿ. ರಿವೆಟ್ಟು ಸಡಿಲವಾಗಿದ್ದರೆ ಕಬ್ಬಿಣದ ದಿಮ್ಮಿಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಹಗುರವಾಗಿ ನಾಲ್ಕು ಏಟು, ಅಷ್ಟೇ.

ಹಿಡಿ ಪೂರ್ತಿ ಸೀಳಿದ್ದರೆ ಮೈಸೂರಿನ ಹತ್ತಿರ ಇರುವುದು ನಿಮ್ಮ ಪುಣ್ಯ ಅನ್ನಬೇಕು. ಅಲ್ಲಿ ಬೀಟೆ ಮರದ ಕುಸುರಿ ಕೆಲಸ ಮಾಡುವವರಿದ್ದಾರೆ, ಆ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅವರ ಕೆಲಸದಲ್ಲಿ ಉಳಿಯುವ ಬೀಟೆ ತುಂಡೇ ಸಾಕು. ಸುಮಾರು 3 ಮಿಲಿಮೀಟರ್ ದಪ್ಪದ ಎರಡು ಪಟ್ಟಿ, ಹಳೇ ಹಿಡಿಯ ಅಳತೆಗೆ. ಹಳೇ ರಿವೆಟ್ಟಿನ ತಲೆಯನ್ನು ಅರದಿಂದ ತೇಯ್ದು, ಮೊಳೆಯಿಂದ ತಳ್ಳಿ ತೆಗೆಯಿರಿ. ಹೊಸದಕ್ಕೆ 1.6 ಮಿಲಿಮೀಟರ್ ಹಿತ್ತಾಳೆ ಕಡ್ಡಿ, ಎರಡೂ ಕಡೆ ಸಣ್ಣ ವಾಷರ್. ಬಾಲದ ಎದುರು ತುದಿಯಲ್ಲಿ ಎರಡು ಪಟ್ಟಿಗಳ ನಡುವೆ ಸಣ್ಣ ಬೆಣೆ ಇಡುವುದು ಮುಖ್ಯ. ಮುಚ್ಚಿದಾಗ ಅಲಗು ನಟ್ಟನಡುವೆ ಕೂರಬೇಕು, ಯಾವ ಕಡೆಯೂ ತಾಗಬಾರದು. ಹಳೇ ಹಿಡಿಯನ್ನು ಎಸೆಯಬೇಡಿ.

ಈಗ ಮಸೆಯುವುದು. ಕತ್ತಿಗೆ ಜೀವ ಬರುವುದು ಇಲ್ಲೇ. ತಾಳ್ಮೆ ಇಲ್ಲದವರು ಇಲ್ಲೇ ಬಿಡುತ್ತಾರೆ. ನಿಮಗೆ ಬೇಕಾದದ್ದು 1000, 4000 ಅಥವಾ 5000, 8000 ನಂಬರಿನ ನೀರು ಕಲ್ಲುಗಳು, ಅಂದರೆ ನೀರು ಹಾಕಿ ಮಸೆಯುವ ಕಲ್ಲುಗಳು; ನಂಬರ್ ದೊಡ್ಡದಾದಷ್ಟೂ ಕಲ್ಲು ನಯ. ಸಾಧ್ಯವಾದರೆ 12000 ಅಥವಾ ಮೇಲೆ ಹೇಳಿದ ಹಳೇ ಕಲ್ಲು ಕೊನೆಗೆ. ಕಲ್ಲು ಚಪ್ಪಟೆಯಾಗಿರಬೇಕು. ಪೆನ್ಸಿಲ್‌ನಲ್ಲಿ ಮೇಲೆ ಚೌಕಳಿ ಗೀಚಿ, ಗಾಜಿನ ಮೇಲೆ ಒದ್ದೆ ವಾಟರ್ ಪೇಪರ್ ಹಾಸಿ ಕಲ್ಲನ್ನು ಉಜ್ಜಿ. ಗೀಚೆಲ್ಲ ಒಂದೇ ಸಲ ಅಳಿಸಿದರೆ ಚಪ್ಪಟೆ ಇದೆ ಅಂತ.

ಬೆನ್ನಿನ ಮೇಲೆ ಒಂದು ಪದರ ಇನ್ಸುಲೇಷನ್ ಟೇಪ್ ಹಚ್ಚಿ, ಬೆನ್ನು ಸವೆಯುವುದಿಲ್ಲ. ಬೆನ್ನು, ಬಾಯಿ ಎರಡನ್ನೂ ಕಲ್ಲಿಗೆ ಮಲಗಿಸಿ, ಬಾಯಿ ಮುಂದಾಗಿ ತಳ್ಳಿ. ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಿ, ಇನ್ನೊಂದು ಬದಿಯಿಂದ ಎಳೆದುಕೊಳ್ಳಿ. ಬೆನ್ನನ್ನು ಎತ್ತಲೇಬಾರದು. ಕಲ್ಲು ಅಲಗಿಗಿಂತ ಕಿರಿದಾಗಿರುತ್ತದೆ, ಹಾಗಾಗಿ ತಳ್ಳುತ್ತಾ ಬುಡದಿಂದ ತುದಿಯ ಕಡೆಗೆ ಓರೆಯಾಗಿ ಜಾರಿಸಬೇಕು. ಭಾರ ಹಾಕಬೇಡಿ. 1000ದ ಕಲ್ಲಲ್ಲಿ ಮೊದಮೊದಲು ಬೆರಳಿನ ಸ್ವಲ್ಪ ಭಾರ ಸರಿ, ಆಮೇಲೆ ಕತ್ತಿಯ ತೂಕವೇ ಸಾಕು. ದೋಸೆ ಕಾವಲಿ ಮೇಲೆ ಹಿಟ್ಟು ಹರಡುವ ಕೈ ಇರುತ್ತದಲ್ಲ, ಒತ್ತಿದರೆ ಹರಿಯುತ್ತದೆ, ಬಿಟ್ಟರೆ ಹರಡುವುದಿಲ್ಲ, ಆ ಹಗುರ ಬೇಕು.

ಬಹಳ ಜನ 1000ದ ಕಲ್ಲನ್ನು ಬೇಗ ಬಿಡುತ್ತಾರೆ. ತಪ್ಪು ಆಗುವುದೇ ಅಲ್ಲಿ. ಎರಡು ಬದಿಯ ಮಸೆತವೂ ಬಾಯಿಯ ಉದ್ದಕ್ಕೂ ಒಂದೇ ಗೆರೆಯಲ್ಲಿ ಸೇರುವವರೆಗೆ ಮುಂದಿನ ಕಲ್ಲಿಗೆ ಹೋಗಿ ಉಪಯೋಗವಿಲ್ಲ. ಬಲ್ಬಿನ ಕೆಳಗೆ ಬಾಯಿಯನ್ನು ಮೇಲೆ ಮಾಡಿ ಹಿಡಿಯಿರಿ. ಎಲ್ಲಿ ಮಿಣುಕು ಕಾಣುತ್ತದೋ ಅಲ್ಲಿ ಇನ್ನೂ ಮೊಂಡು. ವಾಚ್ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುವ ಭೂತಗನ್ನಡಿ (ಲೂಪ್) ಇದ್ದರೆ ಇನ್ನೂ ಚೆನ್ನ. ಮುಂಗೈ ಕೂದಲನ್ನು ಚರ್ಮದ ಹತ್ತಿರ, ಬುಡದಿಂದ ತುದಿಯವರೆಗೆ ಎಲ್ಲ ಕಡೆಯೂ ಸಮನಾಗಿ ಹೆರೆದರೆ 1000ದ ಕೆಲಸ ಮುಗಿದಿದೆ. ಮುಕ್ಕಿರುವ ಹಳೇ ಕತ್ತಿಗೆ ಇದಕ್ಕೇ ಒಂದೆರಡು ಗಂಟೆ ಬೇಕಾಗುತ್ತದೆ. ಮುಂದಿನ ಕಲ್ಲುಗಳದ್ದು ಬೇಗ, ಹಿಂದಿನ ಕಲ್ಲಿನ ಗೀರುಗಳು ಅಳಿಸಿದರೆ ಸಾಕು.

ಚರ್ಮದ ಪಟ್ಟಿ ಇಲ್ಲದೆ ಮುಖಕ್ಕೆ ಹೋಗಬೇಡಿ. ಮೂರು ಇಂಚು ಅಗಲದ, ನಯವಾದ, ಪೇಂಟ್ ಹಚ್ಚದ ಚರ್ಮ. ಮೊದಲು ದಪ್ಪ ಕ್ಯಾನ್ವಾಸ್ ಬಟ್ಟೆಯ ಮೇಲೆ ಇಪ್ಪತ್ತು ಮೂವತ್ತು ಸಲ, ಆಮೇಲೆ ಚರ್ಮದ ಮೇಲೆ ಐವತ್ತು ಅರವತ್ತು ಸಲ. ಇಲ್ಲಿ ದಿಕ್ಕು ಕಲ್ಲಿಗೆ ತದ್ವಿರುದ್ಧ, ಬೆನ್ನು ಮುಂದೆ, ಬಾಯಿ ಹಿಂದೆ. ತಿರುಗಿಸುವಾಗ ಬೆನ್ನಿನ ಮೇಲೆ ಹೊರಳಿಸಿ. ಪಟ್ಟಿ ಬಿಗಿಯಾಗಿರಲಿ, ಜೋತುಬಿದ್ದರೆ ಬಾಯಿ ದುಂಡಗಾಗುತ್ತದೆ.

ಮೊದಲ ಸಲ ಬಿಸಿ ನೀರಿನ ಟವೆಲ್ ಇಟ್ಟು, ನೊರೆ ಚೆನ್ನಾಗಿ ಎಬ್ಬಿಸಿ. ಬೋರ್ ನೀರಿನಲ್ಲಿ ನೊರೆ ಏಳುವುದು ಕಷ್ಟ, ಕಾವೇರಿ ನೀರೋ ಮಳೆ ನೀರೋ ಸ್ವಲ್ಪ ಹಿಡಿದಿಟ್ಟುಕೊಳ್ಳಿ. ಚರ್ಮವನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಎಳೆದು, ಕತ್ತಿಯನ್ನು ಸುಮಾರು 30 ಡಿಗ್ರಿ ಓರೆ ಹಿಡಿದು, ಕೂದಲು ಬೆಳೆದ ದಿಕ್ಕಿಗೇ ಇಳಿಸಿ. ಅಡ್ಡಲಾಗಿ ಎಳೆದರೆ ಕೊಯ್ಯುತ್ತದೆ. ಮೊದಲ ಕೆಲವು ಸಲ ಕೆನ್ನೆ ಮಾತ್ರ ಸಾಕು. ಗದ್ದ, ಮೇಲ್ದುಟಿ, ಕುತ್ತಿಗೆಗೆ ನಿಮ್ಮ ಮಾಮೂಲಿ ರೇಜರ್ ಇರಲಿ. ಕೂದಲನ್ನು ಕತ್ತರಿಸದೆ ಎಳೆಯುತ್ತಿದೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ, ಮತ್ತೆ 8000ದ ಕಲ್ಲಿಗೆ ಹೋಗಿ.

ಕೆಲಸ ಮುಗಿದ ಮೇಲೆ ತೊಳೆದು, ಮೆತ್ತಗಿನ ಬಟ್ಟೆಯಿಂದ ಒರೆಸಿ, ರಿವೆಟ್ಟಿನ ಸಂದಿನ ನೀರನ್ನೂ ತೆಗೆದು, ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಸವರಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗಿ ಅಂಟಂಟಾಗುತ್ತದೆ. ಬಚ್ಚಲಲ್ಲಿ ಇಡಬೇಡಿ. ಹಿಡಿ ಸೆಲ್ಯುಲಾಯ್ಡ್ ಆಗಿದ್ದರೆ ಬೇರೆ ಕತ್ತಿಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ. ಅದು ಹಳೇದಾದಂತೆ ಬಿಡುವ ಹಬೆ ಪಕ್ಕದ ಅಲಗಿಗೂ ತುಕ್ಕು ಹಿಡಿಸುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ನೋಡಿ, ಎಣ್ಣೆ ಆರಿದ್ದರೆ ಮತ್ತೆ ಸವರಿ.